ಕ್ಯಾನಿನ ಹೆಗಲ ಮೇಲಿನ ಗೀಟು

ಮಳೆ ಹಿಂತೆಗೆದು ಚಳಿ ಇನ್ನೂ ಕಾಲಿಡದ ದಿನಗಳು. ಹೊಲದ ಬದುಗಳಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ನಿಂತಿತ್ತು. ಹಸುಗಳ ಕೆಚ್ಚಲು ತುಂಬಿ ಬರುವ ಕಾಲ ಅದು. ಬೆಳಗಿನ ಐದೂವರೆಗೇ ಹಾಲಿನ ಕೇಂದ್ರದ ಮುಂದೆ ಸೈಕಲ್ಲು, ಕೈಗಾಡಿಗಳ ಸಾಲು ರಸ್ತೆಯ ತಿರುವಿನವರೆಗೂ ಬೆಳೆದಿರುತ್ತಿತ್ತು. ಕಟ್ಟೆಯ ಮೇಲೆ ತಕ್ಕಡಿಯಣ್ಣ ಕ್ಯಾನುಗಳನ್ನು ಒಂದೊಂದಾಗಿ ತೂಕದ ಹಲಗೆಗೆ ಜಗ್ಗುತ್ತಿದ್ದ. ಒಳಕೋಣೆಯಲ್ಲಿ ಪರದೆಯಕ್ಕ ಪ್ರತಿ ಕ್ಯಾನಿನಿಂದ ಬಂದ ಪುಟ್ಟ ಶೀಶೆಯನ್ನು ಪರೀಕ್ಷೆಯ ಯಂತ್ರದಲ್ಲಿಟ್ಟು, ಬಂದ ಅಂಕಿಯನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಮೂವತ್ತೊಂದು ವರ್ಷ ತಕ್ಕಡಿ ಹಿಡಿದದ್ದಕ್ಕೆ ಅವನಿಗೆ ಆ ಹೆಸರು, ಹೊತ್ತು ಮೂಡಿದಾಗಿನಿಂದ ಪರದೆಗೆ ಮುಖ ಕೊಟ್ಟು ಕೂರುವುದಕ್ಕೆ ಇವಳಿಗೆ ಈ ಹೆಸರು. ಹೆತ್ತವರು ಇಟ್ಟ ಹೆಸರು ಇಬ್ಬರದೂ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ತಕ್ಕಡಿಯಣ್ಣನ ಕೆಲಸಕ್ಕೆ ಒಂದು ಕ್ರಮವಿತ್ತು. ಕ್ಯಾನು ಮುಂದೆ ಬಂದೊಡನೆ ಮುಚ್ಚಳ ತೆಗೆದು, ಮೂಗು ಬಗ್ಗಿಸಿ, ತೂಕ ನೋಡಿ, ಕ್ಯಾನಿನ ಹೆಗಲ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದ. 'ನೋಡಿದ್ದೇನೆ' ಎಂದಷ್ಟೇ ಅದರ ಅರ್ಥ. ಹಾಲು ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಮಾತು. ಒಳಗಿನಿಂದ ಪರದೆಯಕ್ಕ "ಸರಿ" ಎಂದು ಕೂಗಿದರೆ ಮುಚ್ಚಳ ಹಾಕಿ ತಂಪಿನ ತೊಟ್ಟಿಯ ಕಡೆಗೆ ನೂಕುತ್ತಿದ್ದ. "ಹುಳಿ" ಎಂದರೆ ಮುಚ್ಚಳವನ್ನು ಕೈಗೆ ಕೊಟ್ಟು ಕ್ಯಾನನ್ನು ಬಾಯಿ ತೆರೆದಂತೆಯೇ ವಾಪಸು ಕಳಿಸುತ್ತಿದ್ದ.

ಆ ದಿನ ವಾಪಸಾದದ್ದು ಒಂದೇ ಹಸು ಕಟ್ಟಿಕೊಂಡಿದ್ದ ಅಜ್ಜಿಯ ಕ್ಯಾನು.

"ಮುಚ್ಚಳನಾದ್ರೂ ಹಾಕ್ಕೊಡಪ್ಪ, ದಾರೀಲಿ ಜನ ನೋಡ್ತಾರೆ."

"ನೋಡ್ಲಿ ಅಂತಾನೇ ಅಜ್ಜಿ ಹಾಕ್ದೇ ಇರೋದು. ಕ್ಯಾನು ಸರಿಯಾಗಿ ತೊಳೆದಿಲ್ಲ ನೀನು."

"ನಿನ್ನ ಮೂಗು ಬಿದ್ದೋಗ!"

"ಬಿದ್ರೆ ನಿನ್ನ ಕ್ಯಾನಿಗೇ ಬೀಳುತ್ತೆ. ಆಮೇಲೆ ಇನ್ನೂ ಹುಳಿ."

ಸಾಲಿನವರು ನಕ್ಕರು. ಅಜ್ಜಿಯೂ ಬೈಯುತ್ತಲೇ ನಕ್ಕಳು. ಆ ನಗು ಮುಗಿಯುವ ಮೊದಲೇ ಕಟ್ಟೆಯ ಮೇಲಿದ್ದ ಇನ್ನೊಂದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಟಣ್ ಎಂದು ಒಂದು ಸೂಚನೆ ಎದ್ದಿತು: 'ಹುಳಿ ಕ್ಯಾನು. ಗಮನಿಸಿ.' ತಕ್ಕಡಿಯಣ್ಣನ ಮುಖದಲ್ಲಿದ್ದ ನಗು ಆರಿತು.

ಆ ಸೂಚನೆಯನ್ನು ಮುಚ್ಚಬೇಕಾದರೆ ಅದರ ತುದಿಯಲ್ಲಿದ್ದ ಇಂಟು ಗುರುತನ್ನು ಒತ್ತಬೇಕು. ಸಾಸಿವೆಕಾಳಿಗಿಂತ ಚೂರು ದೊಡ್ಡದು, ಅಷ್ಟೇ. ಅವನು ಕೈಯನ್ನು ಒರೆಸಿಕೊಂಡು ಮೌಸ್ ಹಿಡಿದ. ಎರಡು ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ಐವತ್ತು ಕಿಲೋ ಕ್ಯಾನು ಎತ್ತುವಾಗ ನಡುಗದ ಕೈ, ಹಗುರಾದದ್ದನ್ನು ಹಿಡಿದರೆ ಗಾಳಿಗೆ ಸಿಕ್ಕ ಎಲೆಯಾಗುತ್ತಿತ್ತು. ಬಾಣದ ಗುರುತು ಇಂಟುವಿನ ಆಚೆಗೆ ಹೋಯಿತು, ಈಚೆಗೆ ಬಂತು. ಒತ್ತಿದ. ಪಕ್ಕಕ್ಕೆ ಬಿತ್ತು. ಪಕ್ಕಕ್ಕೆ ಬಿದ್ದರೆ ಸೂಚನೆ ಮುಚ್ಚುವ ಬದಲು ಅಗಲವಾಗಿ ಬಿಚ್ಚಿಕೊಂಡು ತೂಕದ ಅಂಕಿಯನ್ನೇ ನುಂಗಿಬಿಡುತ್ತಿತ್ತು. ಕೀಲಿಮಣೆಯಿಂದ ಮುಚ್ಚೋಣವೆಂದರೆ, ಕಟ್ಟೆಯ ಕೀಲಿಮಣೆ ಹಾಲು ಕುಡಿದು ಕುಡಿದು ಸತ್ತು ಮೂರು ವರ್ಷವಾಗಿತ್ತು.

"ನೊಣ ಹೊಡೆಯೋದು ಇದಕ್ಕಿಂತ ಸುಲಭ," ಎಂದ ತನಗೆ ತಾನೇ.

ಅಷ್ಟರಲ್ಲಿ ನಿಮಿಷ ಕಳೆದಿತ್ತು. ನಿಮಿಷದೊಳಗೆ ಮುಚ್ಚದ ಸೂಚನೆ ದಾಖಲೆಯಲ್ಲಿ ಅವನ ಹೆಸರಿನ ಮುಂದೆ 'ನೋಡಿಲ್ಲ' ಎಂದು ತಾನಾಗಿಯೇ ಬಿದ್ದುಬಿಡುತ್ತಿತ್ತು. ಆ ತಿಂಗಳು ಅಂಥವು ಮೂವತ್ತನಾಲ್ಕಾಗಿದ್ದವು. ಹೋದ ಬೇಸಿಗೆಯಲ್ಲಿ ಬೇರೊಂದು ಕೇಂದ್ರದಲ್ಲಿ ಯಾರೂ ಸೂಚನೆ ನೋಡದೆ ಒಂದು ತೊಟ್ಟಿ ಹಾಲು ಪೂರ್ತಿ ಒಡೆದುಹೋಗಿತ್ತಂತೆ. ಅಲ್ಲಿಂದ ಈ ನಿಯಮ ಬಂದಿತ್ತು. ಅದನ್ನು ತಂದವರು ಮೇಲ್ವಿಚಾರಕರು. ಮಾತಿಗೊಮ್ಮೆ ಕೈಗಡಿಯಾರ ನೋಡುವುದಕ್ಕೆ ಅವರಿಗೆ ಗಡಿಯಾರದಪ್ಪ ಎಂದು ಹೆಸರು.

"ನಿಯಮ ನಾನು ಮಾಡಿದ್ದಲ್ಲಪ್ಪ," ಎಂದಿದ್ದರು ಅವರು, ಗಡಿಯಾರ ನೋಡಿಕೊಂಡು. "ಬರೋ ತಿಂಗಳಿಂದ ಹತ್ತರವರೆಗೆ ಮಾಫಿ. ಹನ್ನೊಂದಾದ್ರೆ ಕಟ್ಟೆ ಬಿಡಬೇಕು, ಕ್ಯಾನು ತೊಳೆಯೋ ಕೊಟ್ಟಿಗೆಗೆ ಹೋಗಬೇಕು."

ತಕ್ಕಡಿಯಣ್ಣ ನಿವೃತ್ತನಾಗಲು ಇನ್ನು ಹದಿನಾಲ್ಕು ತಿಂಗಳು ಬಾಕಿ. "ತೊಳೆಯೋ ಕೆಲಸ ಕೀಳಲ್ಲ ತಂಗಿ," ಎಂದಿದ್ದ ಅವನು ಪರದೆಯಕ್ಕನ ಹತ್ತಿರ. "ಆದ್ರೆ ಕುದಿಯೋ ನೀರು, ತೊಳೆಯೋ ಸೋಡಾ. ನಡುಗೋ ಕೈಲಿ ಹೇಗೆ ಹಿಡೀಲಿ ಹೇಳು?"

ಅದನ್ನು ಕೇಳಿ ಅವಳು ಸುಮ್ಮನಿರುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಸಂಜೆಯ ಪಾಳಿಯನ್ನು ಯಾರು ನೋಡುತ್ತಾರೆಂದು ಅವಳು ಗೋಡೆ ನೋಡುತ್ತ ಕೂತಿದ್ದಳು. "ನೀನು ಮನೆಗೆ ನಡಿ," ಎಂದು ತಕ್ಕಡಿಯಣ್ಣ ಒಳಕೋಣೆಯ ಕುರ್ಚಿಯಲ್ಲಿ ತಾನೇ ಕೂತ. ಒಂದು ಮಳೆಗಾಲ ಪೂರ್ತಿ, ತೊಂಬತ್ತೊಂದು ಸಂಜೆ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಅಂಕಿ ಹಾಕಿದ. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತದೇ ಇದ್ದದ್ದಕ್ಕೇ ಅದು ಅವಳ ತಲೆಯ ಮೇಲೆ ಹಾಗೇ ಕೂತಿತ್ತು.

ಪರದೆಯಕ್ಕನಿಗೆ ಒಂದು ಹುಚ್ಚಿತ್ತು. ಮಧ್ಯಾಹ್ನ ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ ನಡುವೆ, ಅಮ್ಮ ಮಲಗಿದ ಹೊತ್ತಿನಲ್ಲಿ, ಮನೆಯ ಹಳೆಯ ಕಂಪ್ಯೂಟರಿನಲ್ಲಿ ಥೀಮ್ ಮಾಡುತ್ತಿದ್ದಳು. ಎಂದರೆ ಪರದೆಗೆ ಬಟ್ಟೆ ತೊಡಿಸುವ ಕೆಲಸ: ಕಿಟಕಿಗಳ ಬಣ್ಣ, ಅಕ್ಷರದ ದಪ್ಪ, ಅಂಚಿನ ಗುಂಡು. ಹುಡುಗಿಯಾಗಿದ್ದಾಗ ಕಸೂತಿಯ ನಕ್ಷೆ ಬರೆಯುತ್ತಿದ್ದ ಕೈ ಅದು. ಮಾಡಿದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ಅಂತರ್ಜಾಲದಲ್ಲಿ ಹಾಕಿಬಿಡುತ್ತಿದ್ದಳು. ಎಲ್ಲಿಯದೋ ಊರಿನ ಯಾರೋ 'ಚೆನ್ನಾಗಿದೆ' ಎಂದು ಬರೆದರೆ ಆ ವಾರ ಸಾಂಬ್ರಾಣಿ ಹಾಕಿದಂತೆ ಮನಸ್ಸು ಹಗುರ. ಕೇಂದ್ರದ ಪರದೆಗೂ ಅವಳೇ ಬಟ್ಟೆ ತೊಡಿಸಿದ್ದಳು. ತಕ್ಕಡಿಯಣ್ಣನ ಕಣ್ಣಿಗೆಂದು ಸೂಚನೆಯ ಅಕ್ಷರ ದೊಡ್ಡದು ಮಾಡಿದ್ದಳು, ಹಿನ್ನೆಲೆ ತಿಳಿಯಾಗಿಸಿದ್ದಳು. ಎಲ್ಲವೂ ಬದಲಾಗುತ್ತಿತ್ತು, ಆ ಇಂಟು ಗುರುತೊಂದನ್ನು ಬಿಟ್ಟು. ಸೂಚನೆ ತೋರಿಸುವ ತಂತ್ರಾಂಶದ ಹೊಟ್ಟೆಯೊಳಗೇ ಅದನ್ನು ಹೂತಿಟ್ಟಿದ್ದರು. ಹೊರಗಿನವರ ಕೈಗೆ ಎಟಕುವ ಹಾಗಿರಲಿಲ್ಲ.

ಆ ತಂತ್ರಾಂಶ ಕಟ್ಟಿದವನು ಯಾವುದೋ ದೂರದ ಊರಿನ ಲಿಫ್ಟ್ ರಿಪೇರಿಯವನು. ಹಗಲು ಲಿಫ್ಟು, ಬಿಡುವಿನಲ್ಲಿ ಇದು. ಯಾರ ಹತ್ತಿರವೂ ಕಾಸು ಕೇಳದೆ ಹನ್ನೊಂದು ವರ್ಷದಿಂದ ನಡೆಸಿಕೊಂಡು ಬಂದಿದ್ದ. ಅವನಿಗೆ ಪರದೆಯಕ್ಕ ಒಂದು ಮಧ್ಯಾಹ್ನ ಪತ್ರ ಬರೆದಳು: ಮುಚ್ಚುವ ಗುಂಡಿಯ ಚಿತ್ರ, ಅಳತೆ, ಜಾಗ ಇವನ್ನು ಥೀಮ್ ಮಾಡುವವರ ಕೈಗೆ ಬಿಡಲಾಗುತ್ತದೆಯೇ?

ಎರಡು ದಿನದ ಮೇಲೆ ಉತ್ತರ ಬಂತು.

'ನಾಲ್ಕು ವರ್ಷದಲ್ಲಿ ಇದನ್ನು ಕೇಳಿದವರಲ್ಲಿ ನೀವು ಒಂಬತ್ತನೆಯವರು. ಎಲ್ಲರಿಗೂ ಆಗಲ್ಲ ಅಂದಿದ್ದೇನೆ. ಗುಂಡಿಯನ್ನು ಬಿಟ್ಟುಕೊಟ್ಟರೆ ಯಾರೋ ಒಬ್ಬರು ಅಂದಕ್ಕೆಂದು ಅದನ್ನು ಕಾಣದ ಹಾಗೆ ಮಾಡುತ್ತಾರೆ. ಆಮೇಲೆ ಮುಚ್ಚಲಾಗುತ್ತಿಲ್ಲ ಎಂದು ಬೈಯುವುದು ನನ್ನನ್ನು. ಲಿಫ್ಟಿನಲ್ಲೂ ಇದೇ ಕಥೆ. ಗುಂಡಿ ಕಿತ್ತವರು ಮೆಟ್ಟಿಲು ಹತ್ತಿ ಹೋಗುತ್ತಾರೆ, ಬೈಗುಳ ನನಗೆ. ಸುಸ್ತಾಗಿದೆ, ಕ್ಷಮಿಸಿ.'

ಅವಳಿಗೆ ಸಿಟ್ಟು ಬರಲಿಲ್ಲ. ಸುಸ್ತಾದವರ ಅಕ್ಷರ ಸುಸ್ತಾದವರಿಗೆ ತಿಳಿಯುತ್ತದೆ. ಅಂದದ ಮಾತನ್ನು ಬಿಟ್ಟು, ಇದ್ದದ್ದನ್ನು ಇದ್ದಹಾಗೆ ಬರೆದಳು: ಕಟ್ಟೆ, ಕ್ಯಾನು, ನಡುಗುವ ಕೈ, ನಿಮಿಷದ ಲೆಕ್ಕ, ಕುದಿಯುವ ನೀರು. ಕೊನೆಗೆ, 'ಆ ಕೈಗೆ ಶೀಶೆಯ ಬಿರಡೆಯಷ್ಟು ಅಗಲದ ಗುಂಡಿ ಬೇಕು,' ಎಂದು ಸೇರಿಸಿದಳು.

ಈ ಸಲ ಐದು ದಿನ ಏನೂ ಬರಲಿಲ್ಲ. ಹೊಸ ತಿಂಗಳು ಹುಟ್ಟಿತು. ಮೂರೇ ದಿನದಲ್ಲಿ ತಕ್ಕಡಿಯಣ್ಣನ ಹೆಸರಿಗೆ ಆರು ಬಿದ್ದವು. ಮಾಫಿ ಇರುವುದು ಹತ್ತು. ಮೂರನೆಯ ದಿನ ಮಧ್ಯಾಹ್ನ ಪತ್ರ ಬಂತು.

'ಬಿರಡೆಯನ್ನು ಇಟ್ಟು ಅಳೆದು ನೋಡಿದೆ. ನೀವು ಹೇಳಿದ್ದು ಸರಿ. ಹೊಸ ಆವೃತ್ತಿ ಕಳಿಸಿದ್ದೇನೆ. ನಿಮ್ಮ ಥೀಮಿನ ಕಡತಗಳ ಜೊತೆ ಮುಚ್ಚುವ ಗುಂಡಿಯ ಚಿತ್ರವೊಂದನ್ನು ಇಟ್ಟರೆ ಅದನ್ನೇ ತೆಗೆದುಕೊಳ್ಳುತ್ತದೆ. ಚಿತ್ರ ಇಲ್ಲದಿದ್ದರೆ ಹಳೆಯ ಇಂಟು. ಸೂಚನೆಯ ಎತ್ತರಕ್ಕಿಂತ ದೊಡ್ಡದು ಮಾಡಬೇಡಿ. ಯಾವ ಚಿತ್ರ ಹಾಕಿದಿರಿ, ತಿಳಿಸಿ.'

ಪರದೆಯಕ್ಕ ಅಂದು ಊಟದ ತಟ್ಟೆ ತೊಳೆಯದೆ ಕೂತಳು. ಬರೀ ದೊಡ್ಡದಾದರೆ ಸಾಲದು, ನೋಡಿದೊಡನೆ 'ಮುಚ್ಚುವುದು ಇಲ್ಲಿ' ಎಂದು ತಿಳಿಯಬೇಕು. ತಕ್ಕಡಿಯಣ್ಣನಿಗೆ ಮೂವತ್ತೊಂದು ವರ್ಷದಿಂದ ಗೊತ್ತಿರುವ ಮುಚ್ಚುವ ವಸ್ತು ಯಾವುದು? ಕ್ಯಾನಿನ ಮುಚ್ಚಳ! ತನ್ನ ಬುದ್ಧಿಗೆ ತಾನೇ ತಲೆದೂಗಿ, ಮುಚ್ಚಳವನ್ನು ಬರೆದಳು. ಮೇಲಿನ ಹಿಡಿ, ಅಂಚಿನ ತಗ್ಗು, ಬೆಳಕು ಬಿದ್ದ ಕಡೆಯ ಹೊಳಪು, ಒಂದನ್ನೂ ಬಿಡಲಿಲ್ಲ. ಸಂಜೆ ಕಟ್ಟೆಯ ಕಂಪ್ಯೂಟರಿಗೆ ಹಾಕಿ, 'ಪ್ರಯತ್ನ' ಎಂದು ಒಂದು ಸುಳ್ಳು ಸೂಚನೆ ಎಬ್ಬಿಸಿದಳು.

ತಕ್ಕಡಿಯಣ್ಣ ಒಂದೇ ಸಲಕ್ಕೆ ಒತ್ತಿದ. ಮುಚ್ಚಿತು.

"ಅಲ್ಲಾ ತಂಗಿ, ಇದು ನಮ್ಮ ಕ್ಯಾನಿನ ಮುಚ್ಚಳಾನೇ ಅಲ್ವಾ! ಒಂದು ಕಡೆ ನೆಗ್ಗಿರೋದು ಕೂಡ ಬರೆದಿದ್ದೀಯಲ್ಲ."

"ಒತ್ತೋಕೆ ಸಲೀಸಾಗಿದೆ ತಾನೇ?"

"ಕಣ್ಣು ಮುಚ್ಚಿಕೊಂಡು ಒತ್ತಬಹುದು," ಎಂದ. ಎಂದವನು ಇನ್ನೊಂದು ಸಲ ಪರದೆಯನ್ನು ನೋಡಿದ. ಮೌಸನ್ನು ಮೆಲ್ಲಗೆ ಬದಿಗೆ ಸರಿಸಿ, ಪೊರಕೆ ತೆಗೆದುಕೊಂಡು ಕಟ್ಟೆ ಗುಡಿಸಲು ಹೋದ. ಅವಳು ಅಂದು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಮನೆಗೆ ಹೋಗಿ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಐದು ದಿನ ಕಳೆದವು. ವಾರದ ಪಟ್ಟಿ ಕಳಿಸಲೆಂದು ಅವಳು ದಾಖಲೆ ತೆರೆದಳು. ತಕ್ಕಡಿಯಣ್ಣನ ಹೆಸರಿನ ಮುಂದೆ ಹೊಸದಾಗಿ ಇಪ್ಪತ್ತೊಂದು 'ನೋಡಿಲ್ಲ'. ಆರಕ್ಕೆ ಸೇರಿ ಇಪ್ಪತ್ತೇಳು. ಸಾಸಿವೆಕಾಳಿನ ಕಾಲದಲ್ಲೂ ಇಷ್ಟು ಬೇಗ ಏರಿರಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. 'ತಕ್ಕಡಿ ಸೊನ್ನೆಯಲ್ಲಿಲ್ಲ': ಮುಚ್ಚಿದ್ದಾನೆ. 'ಕಾಗದ ಮುಗಿದಿದೆ': ಮುಚ್ಚಿದ್ದಾನೆ. 'ಹುಳಿ ಕ್ಯಾನು': ಇಲ್ಲ. 'ಹುಳಿ ಕ್ಯಾನು': ಇಲ್ಲ. 'ತೊಟ್ಟಿಯ ತಂಪು ಸಾಲದು': ಇಲ್ಲ. ಕೈ ನಡುಗಿ ತಪ್ಪಿದ್ದಾದರೆ ಎಲ್ಲದರಲ್ಲೂ ತಪ್ಪಬೇಕಿತ್ತು. ಇದು ಕೈಯ ತಪ್ಪಲ್ಲ.

ಬೆಳಗಿನ ಸಾಲು ಕರಗಿದ ಮೇಲೆ ಕಟ್ಟೆಗೆ ಹೋಗಿ ಅವನೆದುರು ನಿಂತಳು.

"ಅಣ್ಣಾ, ಹುಳಿ ಬಂದಾಗ ಯಾಕೆ ಒತ್ತಲಿಲ್ಲ?"

ಅವನು ಸೀಮೆಸುಣ್ಣದ ತುಂಡನ್ನು ಜೇಬಿಗೆ ಹಾಕಿಕೊಂಡ, ಮತ್ತೆ ಹೊರಗೆ ತೆಗೆದ.

"ಹೇಳೋಣ ಅಂತಿದ್ದೆ."

"ಯಾವಾಗ? ತೊಳೆಯೋ ಕೊಟ್ಟಿಗೇಲಿ ನಿಂತಮೇಲಾ?"

"ಬೈಬೇಡ ತಾಯಿ. ಹುಳಿ ಹಾಲಿಗೆ ನಾನು ಮುಚ್ಚಳ ಹಾಕಲ್ಲ, ತಂಪಿಲ್ದೆ ಕೆಡೋ ಹಾಲಿಗೂ ಹಾಕಲ್ಲ."

"ಅದು ಚಿತ್ರ ಅಣ್ಣಾ!"

"ಚಿತ್ರಾನೇ. ಆದ್ರೆ ಮುಚ್ಚಳದ ಚಿತ್ರ. ಒಳಗಿಂದ ನೀನು ಹುಳಿ ಅಂತಿರ್ತೀಯ, ಇಲ್ಲಿ ಹುಳಿ ಅಂತ ಬರ್ದಿರುತ್ತೆ, ಅದರ ಮೇಲೆ ನಾನು ಮುಚ್ಚಳ ಹಾಕಬೇಕು. ಎರಡು ಸಲ ಅಲ್ಲಿವರೆಗೂ ಬಾಣ ತಗೊಂಡೋದೆ, ಒತ್ತೋಕೆ ಬೆರಳು ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲ ಹಾಕಿಲ್ಲ, ನಮ್ಮ ಅತ್ತೆ ತಂದ ಹಾಲಿಗೂ ಹಾಕಿಲ್ಲ. ಆರು ತಿಂಗಳು ಮಾತು ಬಿಟ್ಟಿದ್ಲು."

"ಮೊದಲೇ ಹೇಳಬಾರದಿತ್ತಾ?"

"ಅಷ್ಟು ಚೆನ್ನಾಗಿ ಬರೆದಿದ್ದೀಯ. ನೆಗ್ಗು ಕೂಡ ಬಿಟ್ಟಿಲ್ಲ. ಏನಂತ ಹೇಳ್ಲಿ?"

ಅವಳು ಖಾಲಿ ಕ್ಯಾನೊಂದರ ಮೇಲೆ ಕೂತಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ. ಎದುರಿಗೆ ಬೆಳಗಿನ ಕೊನೆಯ ಕ್ಯಾನು ನಿಂತಿತ್ತು, ಹೆಗಲ ಮೇಲೆ ಬಿಳಿಯ ಗೀಟು. ಅದನ್ನು ದಿನಕ್ಕೆ ಇನ್ನೂರು ಸಲ ನೋಡುವವಳು ಅಂದು ಹೊಸದಾಗಿ ನೋಡಿದಳು.

"ಅಣ್ಣಾ, ಹುಳಿ ಕ್ಯಾನಿಗೆ ಗೀಟು ಎಳೀತೀಯ ತಾನೇ?"

"ಎಳೀದೆ? ನೋಡಿದ್ದಕ್ಕೆ ಗೀಟು. ಒಳ್ಳೇದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ."

ಆ ಮಧ್ಯಾಹ್ನ ಅವಳು ಬರೆದದ್ದು ಬಹಳ ಕಡಿಮೆ. ಕ್ಯಾನಿನ ಬೂದು ಬಣ್ಣದ ಮೇಲೆ ಓರೆಯಾಗಿ ಒಂದು ಬಿಳಿಯ ಗೀಟು, ಸುಣ್ಣ ಉದುರಿದ ಹಾಗೆ ಅಂಚು ತರಿತರಿ. ಸಂಜೆ ಮೊದಲ ಹುಳಿ ಕ್ಯಾನು ಬಂದಾಗ ಅವಳು ಬಾಗಿಲಲ್ಲಿ ನಿಂತು ನೋಡಿದಳು. ತಕ್ಕಡಿಯಣ್ಣ ಎಡಗೈಯಿಂದ ಕ್ಯಾನಿಗೆ ಗೀಟೆಳೆದು, ಅದೇ ಭರದಲ್ಲಿ ಬಲಗೈಯ ಮೌಸಿನಿಂದ ಪರದೆಯ ಗೀಟನ್ನೂ ಒತ್ತಿ, "ಯಾರದಪ್ಪಾ ಇದು, ಮುಚ್ಚಳ ಇಸ್ಕೋ," ಎಂದು ಕೂಗಿದ. ಅವನು ಪರದೆಯ ಕಡೆ ಕಣ್ಣು ಹಾಯಿಸಿದ್ದು ಅರೆಗಳಿಗೆ ಮಾತ್ರ.

ತಿಂಗಳ ಉಳಿದ ದಿನಗಳಲ್ಲಿ ಅವನ ಹೆಸರಿಗೆ ಒಂದೂ ಬೀಳಲಿಲ್ಲ. ಆದರೆ ಬಿದ್ದ ಇಪ್ಪತ್ತೇಳು ಬಿದ್ದ ಹಾಗೇ ಇತ್ತು.

ಕೊನೆಯ ದಿನ ಗಡಿಯಾರದಪ್ಪ ಬಂದರು. ಅವರ ಮೇಲಿನವರಿಗೂ ಒಂದು ಗಡಿಯಾರವಿದ್ದಿರಬೇಕು. ಕಣ್ಣ ಕೆಳಗೆ ಕಪ್ಪಾಗಿತ್ತು. ಪಟ್ಟಿಯನ್ನು ಎರಡು ಸಲ ಓದಿದರು.

"ಇಪ್ಪತ್ತೇಳು. ಆಮೇಲೆ ಮೂರು ವಾರ ಸೊನ್ನೆ. ಇದೇನು, ಮಧ್ಯದಲ್ಲಿ ಜ್ಞಾನೋದಯ ಆಯ್ತಾ?"

ತಕ್ಕಡಿಯಣ್ಣ ತಲೆ ಕೆರೆದುಕೊಂಡ. ಪರದೆಯಕ್ಕ ಒಳಕೋಣೆಯಿಂದ ಹೊರಗೆ ಬಂದಳು. ಇಂಟು, ಮುಚ್ಚಳ, ಗೀಟು, ಮೂರನ್ನೂ ತೋರಿಸಿ ನಡೆದದ್ದನ್ನು ಹೇಳಿದಳು. ಅವರು ಕಟ್ಟೆಯ ಮೌಸ್ ಹಿಡಿದು ತಾವೇ ನಾಲ್ಕು ಸಲ ಒತ್ತಿ ನೋಡಿದರು.

"ಪರದೆ ಬದಲಾಯಿಸೋಕೆ ಅಪ್ಪಣೆ ಯಾರು ಕೊಟ್ಟಿದ್ದು?"

"ಯಾರೂ ಕೊಟ್ಟಿಲ್ಲ ಸಾರ್. ಅದಕ್ಕೇ ಹೇಳ್ತಿದ್ದೀನಿ. ಆರು ಅಣ್ಣಂದು, ಇಪ್ಪತ್ತೊಂದು ನನ್ನ ಚಿತ್ರದ್ದು. ನನ್ನ ಹೆಸರಿಗೆ ಬರೀರಿ."

"ಬರೆದ್ರೆ ತೊಳೆಯೋ ಕೊಟ್ಟಿಗೆ ನಿನಗೆ ಬರುತ್ತಮ್ಮ. ಒಂದು ತಿಂಗಳು, ಸಂಜೆ ಪಾಳಿ ಆದಮೇಲೆ. ಕಾಗದ ಖಾಲಿ ಬಿಡೋಕೆ ನನಗಾಗಲ್ಲ."

"ಬೇಡ ಸಾರ್, ನಂದೇ ಇರ್ಲಿ," ಎಂದು ತಕ್ಕಡಿಯಣ್ಣ ಅಡ್ಡ ಬಂದ. "ಅವಳಿಗೆ ಮನೇಲಿ ತಾಯಿ ಇದ್ದಾರೆ."

"ನೀನು ಸುಮ್ನಿರಣ್ಣ," ಎಂದಳು ಅವಳು. "ಬರೀರಿ ಸಾರ್."

ಅವರು ಬರೆದರು. ಗಡಿಯಾರ ನೋಡಿಕೊಂಡು ಎದ್ದವರು ಬಾಗಿಲ ಹತ್ತಿರ ನಿಂತು, "ಈ ಗುಂಡಿಯನ್ನ ಉಳಿದ ಕೇಂದ್ರಗಳಿಗೂ ಹಾಕಿಕೊಡ್ತೀಯಾ?" ಎಂದರು.

"ತೊಳೆದು ಟೈಮ್ ಉಳಿದ್ರೆ ಸಾರ್."

ಲಿಫ್ಟಿನವನಿಗೂ ಗೀಟಿನ ಚಿತ್ರ ಕಳಿಸಿದ್ದಳು. ಅವನ ಉತ್ತರ ಎರಡೇ ಸಾಲು: 'ನಿಮ್ಮ ಗೀಟನ್ನು ಮಾದರಿಯಾಗಿ ಜೊತೆಗಿಟ್ಟಿದ್ದೇನೆ. ಇವತ್ತು ಒಬ್ಬ ಗುಂಡಿಯನ್ನು ಹಿನ್ನೆಲೆಯ ಬಣ್ಣದಲ್ಲೇ ಬರೆದು, ಗುಂಡಿ ಎಲ್ಲಿ ಎಂದು ನನ್ನನ್ನು ಬೈದಿದ್ದಾನೆ, ಹೇಳಿದ್ದೆನಲ್ಲ.'

ಚಳಿ ಕಾಲಿಟ್ಟಿತು. ಸಂಜೆಯ ಪಾಳಿ ಮುಗಿದ ಮೇಲೆ ಪರದೆಯಕ್ಕ ಸೀರೆಯನ್ನು ಮೇಲೆ ಸಿಕ್ಕಿಸಿ ತೊಳೆಯುವ ಕೊಟ್ಟಿಗೆಗೆ ಇಳಿಯುತ್ತಿದ್ದಳು. ಮೊದಲ ವಾರವೇ ಸೋಡಾಕ್ಕೆ ಬೆರಳ ಸಂದು ಬಿರಿದವು. ಅಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದು, "ನಿನ್ನ ಮೈಯೆಲ್ಲ ಅಗಸರ ಕಟ್ಟೆ ವಾಸನೆ," ಎನ್ನುತ್ತಿದ್ದಳು. ಆದರೂ ಮಗಳ ಕೈಗೆ ಕೊಬ್ಬರಿ ಎಣ್ಣೆ ಸವರದೆ ಮಲಗುತ್ತಿರಲಿಲ್ಲ.

ತಿಂಗಳ ಕೊನೆಯ ಸಂಜೆ ತಕ್ಕಡಿಯಣ್ಣ ಕೊಟ್ಟಿಗೆಗೆ ಬಂದ. ದಿನವೂ ಬರುತ್ತಿದ್ದ. ಬಿಸಿನೀರಿನ ಹತ್ತಿರ ಅವಳು ಬಿಡುತ್ತಿರಲಿಲ್ಲವಾದ್ದರಿಂದ ತಣ್ಣೀರಿನ ಪೈಪು ಹಿಡಿದು ನಿಲ್ಲುತ್ತಿದ್ದ. ಪೈಪಿನ ಜೊತೆ ನೀರೂ ನಡುಗುತ್ತಿತ್ತು. ಅರ್ಧ ಕ್ಯಾನಿಗೆ, ಅರ್ಧ ಅವಳ ಕಾಲಿಗೆ.

"ಕ್ಯಾನು ತೊಳೀತಿದ್ದೀಯೋ ನನ್ನ ತೊಳೀತಿದ್ದೀಯೋ?"

"ಎರಡೂ ಒಂದೇ ವಾಸನೆ, ಗುರುತು ಹತ್ತಲಿಲ್ಲ."

ಕೊನೆಯ ಕ್ಯಾನನ್ನು ಬೋರಲು ಹಾಕಿ ಅವಳು ಸೊಂಟ ನೆಟ್ಟಗೆ ಮಾಡಿದಳು.

"ಮೂವತ್ತು ಆಯ್ತಣ್ಣ. ತೊಂಬತ್ತೊಂದರಲ್ಲಿ ಇನ್ನು ಅರವತ್ತೊಂದು ಉಳೀತು."

"ಯಾವ ತೊಂಬತ್ತೊಂದು?"

"ಅಮ್ಮ ಬಿದ್ದಾಗ ನೀನು ಕೂತ ಸಂಜೆಗಳು."

ಅವನು ಪೈಪಿನ ನಲ್ಲಿ ತಿರುಗಿಸಿ ನಿಲ್ಲಿಸಿದ.

"ಅಷ್ಟು ದಿನಾನಾ? ನೀನು ಎಣಿಸಿಟ್ಟಿದ್ದೀಯಾ? ಆ ಕುರ್ಚಿ ಹತ್ರ ಬೆಚ್ಚಗಿರುತ್ತಲ್ಲ, ಹೊರಗೆ ಮಳೆ ಹೊಡೀತಿತ್ತು, ನನಗೂ ಕೂರೋಕೆ ಚೆನ್ನಾಗಿತ್ತು ತಂಗಿ."

ಒದ್ದೆ ಕ್ಯಾನುಗಳು ಸಾಲಾಗಿ ಬೋರಲು ನಿಂತು ತೊಟ್ಟಿಕ್ಕುತ್ತಿದ್ದವು. ಅವನು ಜೇಬು ತಡಕಿ ಸೀಮೆಸುಣ್ಣ ತೆಗೆದು, ಕೊನೆಯ ಕ್ಯಾನಿನ ಹೆಗಲ ಮೇಲೆ ಗೀಟೆಳೆಯಲು ನೋಡಿದ. ಒದ್ದೆ ಲೋಹದ ಮೇಲೆ ಸುಣ್ಣ ಹತ್ತಲಿಲ್ಲ.

"ಒಣಗ್ಲಿ, ಬೆಳಿಗ್ಗೆ ಎಳೀತೀನಿ," ಎಂದ. "ನಡಿ, ಅಮ್ಮ ಕಾಯ್ತಿರ್ತಾರೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು, ದೀಪ ಆರಿಸಿ, ಅವನ ಹಿಂದೆ ನಡೆದಳು. ಅವಳ ಲೆಕ್ಕದಲ್ಲಿ ಅರವತ್ತೊಂದು ಅರವತ್ತೊಂದಾಗಿಯೇ ಉಳಿಯಿತು.